ಕಾಷನ್: ಜಾಮೀನಾಗಿದ್ದ ಪದ ಎಚ್ಚರಿಕೆಯಾದ ಬಗೆ

ಯಂತ್ರದ ಮೇಲಿನ ಹಳದಿ ಪಟ್ಟಿಯಲ್ಲಿ ‘ಕಾಷನ್’ ಎಂಬ ಇಂಗ್ಲಿಷ್ ಪದ ಕಂಡರೆ ನಾವು ಅದನ್ನು ಎಚ್ಚರಿಕೆ ಎಂದೇ ಓದಿಕೊಳ್ಳುತ್ತೇವೆ. ಆದರೆ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಕಾಲದಲ್ಲಿ ಅದಕ್ಕಿದ್ದ ಅರ್ಥ ಜಾಮೀನು ಅಥವಾ ಭದ್ರತೆ. ಎಚ್ಚರದಿಂದಿರು ಎಂಬರ್ಥದ ಲ್ಯಾಟಿನ್ ಕ್ರಿಯಾಪದ ‘ಕವೇರೆ’ ಇದರ ಮೂಲ. ನ್ಯಾಯಾಲಯಗಳಲ್ಲಿ ಬಳಕೆಯಲ್ಲಿರುವ ‘ಕೇವಿಯಟ್’ (ತನ್ನ ಮಾತು ಕೇಳದೆ ಆದೇಶ ಕೊಡಬಾರದೆಂಬ ಮುಂಚಿತ ಮನವಿ) ಕೂಡ ಅದೇ ಧಾತುವಿನಿಂದ ಹುಟ್ಟಿದೆ. ರೋಮನ್ ಕಾನೂನಿನಲ್ಲಿ ಮುಂದೆ ನಷ್ಟವಾಗದಂತೆ ಒಬ್ಬರು ಇನ್ನೊಬ್ಬರಿಗೆ ಬರೆದುಕೊಡುತ್ತಿದ್ದ ಭರವಸೆಗೆ ಇದೇ ಮೂಲದ ಹೆಸರಿತ್ತು. ಆ ಹಳೆಯ ಅರ್ಥ ಅಳಿದಿಲ್ಲ: ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಇಂದಿಗೂ ಬಾಡಿಗೆ ಮನೆಯ ಮುಂಗಡಕ್ಕೆ ಈ ಪದವೇ ಸಲ್ಲುತ್ತದೆ, ಕಾಲೇಜುಗಳು ಪಡೆಯುವ ‘ಕಾಷನ್ ಡಿಪಾಜಿಟ್’ನಲ್ಲಿಯೂ ಅದೇ ಉಳಿದಿದೆ.

ಜಾಗರೂಕತೆ, ಮುನ್ಸೂಚನೆ ಎಂಬ ಅರ್ಥಗಳು ಇಂಗ್ಲಿಷಿನಲ್ಲಿ ನೆಲೆಗೊಂಡದ್ದು 16–17ನೆಯ ಶತಮಾನಗಳಲ್ಲಿ. ಮುಂದೆ ಫುಟ್‌ಬಾಲ್ ಆಟಗಾರನಿಗೆ ರೆಫರಿ ಕೊಡುವ ತಾಕೀತಿಗೂ ಇದೇ ಪದ ಬಂದಿತು. 1970ರ ವಿಶ್ವಕಪ್‌ನಿಂದ ಹಳದಿ ಕಾರ್ಡು ಅದರ ಗುರುತಾಯಿತು.

ಪದದ ತೂಕ ಅತ್ಯಂತ ಸ್ಪಷ್ಟವಾಗುವುದು ಇಂಗ್ಲೆಂಡಿನ ಪೊಲೀಸ್ ವ್ಯವಹಾರದಲ್ಲಿ ಎಂಬುದು ನನ್ನ ಅಭಿಪ್ರಾಯ. ಶಂಕಿತನನ್ನು ಪ್ರಶ್ನಿಸುವ ಮೊದಲು, ಮೌನವಾಗಿರುವ ಹಕ್ಕು ಅವನಿಗಿದೆ ಎಂದು ತಿಳಿಸುವುದೇ ಅಲ್ಲಿ ಕಾಷನ್; ಈ ಕ್ರಮಕ್ಕೆ 1912ರಲ್ಲಿ ನ್ಯಾಯಾಧೀಶರು ರೂಪಿಸಿದ ನಿಯಮಗಳು ಒಂದು ಚೌಕಟ್ಟು ಕೊಟ್ಟವು. 1984ರ ಕಾಯ್ದೆಯ ನಂತರ ಅವುಗಳ ಜಾಗಕ್ಕೆ ವಿವರವಾದ ಸಂಹಿತೆಗಳು ಬಂದವು. ನಿಜವಾದ ತಿರುವು 1994ರ ಕಾಯ್ದೆಯದು. ಮುಂದೆ ನ್ಯಾಯಾಲಯದಲ್ಲಿ ಆಧಾರವಾಗಿಸಿಕೊಳ್ಳಲಿರುವ ಸಂಗತಿಯನ್ನು ವಿಚಾರಣೆಯ ವೇಳೆ ಹೇಳದೆ ಉಳಿದರೆ ಅದು ಪ್ರತಿವಾದಕ್ಕೆ ಹಾನಿಯಾಗಬಹುದು ಎಂಬ ಮಾತು ಅಂದಿನಿಂದ ಈ ಕಾಷನ್ನಿನ ಭಾಗವಾಯಿತು. ಹಕ್ಕನ್ನು ನೆನಪಿಸಲೆಂದು ಹುಟ್ಟಿದ ವಾಕ್ಯವು ಹಕ್ಕನ್ನು ಬಳಸಿದರೆ ಆಗಬಹುದಾದ ನಷ್ಟವನ್ನೂ ಹೇಳತೊಡಗಿದ್ದು ಸಣ್ಣ ಬದಲಾವಣೆಯೇನಲ್ಲ.

ಅದೇ ಠಾಣೆಯಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥವೂ ಇರುವುದರಿಂದ ಗೊಂದಲ ಹೆಚ್ಚುತ್ತದೆ. ಲಘು ಅಪರಾಧವನ್ನು ಒಪ್ಪಿಕೊಂಡ ವಯಸ್ಕನನ್ನು ನ್ಯಾಯಾಲಯಕ್ಕೆ ಒಯ್ಯದೆ, ಔಪಚಾರಿಕವಾಗಿ ಎಚ್ಚರಿಸಿ ಬಿಡುವ ಕ್ರಮವೂ ಕಾಷನ್ನೇ. ಇದು ಶಿಕ್ಷೆಯ ತೀರ್ಪಲ್ಲ, ಆದರೆ ಬರಿಯ ಬುದ್ಧಿಮಾತೂ ಅಲ್ಲ: ತಪ್ಪೊಪ್ಪಿಗೆಯಿಲ್ಲದೆ ಇದನ್ನು ಕೊಡುವಂತಿಲ್ಲ, ಒಪ್ಪದವರ ಮೇಲೆ ಮೊಕದ್ದಮೆ ಹೂಡಬಹುದು, ಒಪ್ಪಿದವರ ಹೆಸರು ಪೊಲೀಸ್ ದಾಖಲೆಗೆ ಸೇರಿ, ಕೆಲವು ಬಗೆಯ ಉದ್ಯೋಗಗಳ ಹಿನ್ನೆಲೆ ಪರಿಶೀಲನೆಯಲ್ಲಿ ಮತ್ತೆ ಹೊರಬರಬಹುದು. ಆದ್ದರಿಂದಲೇ ಸಹಿ ಹಾಕುವ ಮೊದಲು ವಕೀಲರ ಸಲಹೆ ಪಡೆಯುವ ಅವಕಾಶವನ್ನು ಅಲ್ಲಿ ಕಡ್ಡಾಯವಾಗಿ ಕೊಡಬೇಕಾಗುತ್ತದೆ.