ಕೀಲಿ ಯಾವ ಸ್ಥಾನದಲ್ಲಿದೆ?

ಸ್ಥಾವರವೊಂದರ ಸೈಬರ್ ಸುರಕ್ಷತೆಯನ್ನು ಪರಿಶೀಲಿಸಲು ಹೋದಾಗ ಎಲ್ಲರೂ ಮೊದಲು ಫೈರ್‌ವಾಲ್ ತೋರಿಸುತ್ತಾರೆ. ನಾನು ಸೇಫ್ಟಿ ಕಂಟ್ರೋಲರ್ ಇರುವ ಕ್ಯಾಬಿನೆಟ್ಟಿನ ಬಾಗಿಲು ತೆರೆಯಲು ಹೇಳುತ್ತೇನೆ. ಹಲವು ಮಾದರಿಗಳಲ್ಲಿ ಅದರ ಮೇಲೊಂದು ಕೀಲಿ ಇರುತ್ತದೆ. ‘ರನ್’ ಸ್ಥಾನದಲ್ಲಿರಬೇಕಾದ ಆ ಕೀಲಿ ‘ಪ್ರೋಗ್ರಾಂ’ ಸ್ಥಾನದಲ್ಲಿ ನಿಂತಿರುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಟ್ಟಿಲ್ಲ.

ಒತ್ತಡವೋ ಉಷ್ಣತೆಯೋ ಮಿತಿ ಮೀರಿದಾಗ ಸ್ಥಾವರವನ್ನು ತಾನಾಗಿಯೇ ನಿಲ್ಲಿಸುವುದು ಈ ಕಂಟ್ರೋಲರಿನ ಕೆಲಸ. ಕೀಲಿ ‘ರನ್’ನಲ್ಲಿದ್ದರೆ ಅದರ ಲಾಜಿಕ್ಕನ್ನು, ಅಂದರೆ ಯಾವಾಗ ಏನು ಮಾಡಬೇಕೆಂಬ ಸೂಚನೆಗಳನ್ನು, ನೆಟ್‌ವರ್ಕಿನ ಮೂಲಕ ಬದಲಿಸಲು ಅದು ಒಪ್ಪುವುದಿಲ್ಲ, ‘ಪ್ರೋಗ್ರಾಂ’ನಲ್ಲಿದ್ದರೆ ಒಪ್ಪುತ್ತದೆ, ಮತ್ತು ಬದಲಿಸುತ್ತಿರುವುದು ನಿಮ್ಮ ಇಂಜಿನಿಯರೋ, ಅವರ ಲ್ಯಾಪ್‌ಟಾಪಿನಲ್ಲಿ ಕುಳಿತ ದುರುದ್ದೇಶದ ತಂತ್ರಾಂಶವೋ ಎಂದು ವಿಚಾರಿಸುವ ಅಭ್ಯಾಸ ಹಳೆಯ ಉಪಕರಣಗಳಿಗಿಲ್ಲ. ಕಾರ್ಖಾನೆಯ ಉಪಕರಣಗಳು ಪರಸ್ಪರ ಮಾತಾಡಲು 1979ರಲ್ಲಿ ಬಂದು ಇಂದಿಗೂ ಬಳಕೆಯಲ್ಲಿರುವ ಮಾಡ್‌ಬಸ್ ಎಂಬ ಸಂವಹನ ಪದ್ಧತಿಯ ಮೂಲ ರೂಪದಲ್ಲಿ ಪಾಸ್‌ವರ್ಡಿಗೆ ಜಾಗವೇ ಇಲ್ಲ.

2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರಲ್ಲಿ ಟ್ರೈಟನ್ ಎಂಬ ದುರುದ್ದೇಶದ ತಂತ್ರಾಂಶ ಟ್ರೈಕಾನೆಕ್ಸ್ ಎಂಬ ಹೆಸರಿನ ಸೇಫ್ಟಿ ಕಂಟ್ರೋಲರುಗಳೊಳಗೆ ಇಳಿದದ್ದು ಕೀಲಿ ‘ಪ್ರೋಗ್ರಾಂ’ನಲ್ಲಿ ಉಳಿದಿದ್ದರಿಂದ. ದಾಳಿಕೋರರ ಕೋಡಿನಲ್ಲೇ ಏನೋ ಎಡವಟ್ಟಾಗಿ ಕಂಟ್ರೋಲರುಗಳು ಸ್ಥಾವರವನ್ನು ಸುರಕ್ಷಿತವಾಗಿ ನಿಲ್ಲಿಸಿದವು, ವಿಷಯ ಬಯಲಾಯಿತು. ಒಮ್ಮೆ ಒಳಹೊಕ್ಕ ಮೇಲೆ ಕೀಲಿಯ ಸ್ಥಾನವನ್ನೂ ಲೆಕ್ಕಿಸದಂತೆ ಆ ತಂತ್ರಾಂಶವನ್ನು ರಚಿಸಲಾಗಿತ್ತು. ಆದ್ದರಿಂದ ‘ಅನುಮಾನ ಬಂದಾಗ ತಿರುಗಿಸಿದರಾಯಿತು’ ಎಂಬ ಮಾತು ನಡೆಯದು.

ನಾನು ಹೋದ ಒಂದು ಸ್ಥಾವರದಲ್ಲಿ ಹಿರಿಯ ಆಪರೇಟರೊಬ್ಬರು, ಪ್ರತಿಯೊಂದು ಪಂಪಿನ ಸದ್ದನ್ನೂ ಬಲ್ಲವರು, “ಅದು ಮೊದಲಿಂದಲೂ ಹಾಗೇ ಇದೆ ಸಾರ್, ಪ್ರತಿ ಸಲ ತಿರುಗಿಸಲು ಯಾರು ಬರುತ್ತಾರೆ?” ಎಂದರು. ಕೀಲಿ ಸ್ಥಾನ ತಪ್ಪಿದರೆ ಅಲಾರಂ ಬರುವ ವ್ಯವಸ್ಥೆ ಅಲ್ಲಿತ್ತು. ಸದಾ ಕಿರಿಕಿರಿ ಮಾಡುತ್ತದೆಂದು ಅದನ್ನೇ ಮುಚ್ಚಿಟ್ಟಿದ್ದರು! ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಕೆಲಸ ಮುಗಿಸಿ ಕೀಲಿ ತಿರುಗಿಸದೆ ಹೊರಟುಹೋದ ಇಂಜಿನಿಯರುಗಳ ಮೇಲೆ.

ಇದನ್ನು ಓದಿದವರು ದಯವಿಟ್ಟು ಈಗಲೇ ಹೋಗಿ ಕೀಲಿ ತಿರುಗಿಸಬಾರದು. ಕೆಲವು ಮಾದರಿಗಳಲ್ಲಿ ‘ಸ್ಟಾಪ್’ ಸ್ಥಾನವೂ ಇರುತ್ತದೆ, ನಡೆಯುತ್ತಿರುವ ಸ್ಥಾವರ ನಿಂತೀತು. ಕೀಲಿ ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂಬುದೂ ತಯಾರಕರಿಂದ ತಯಾರಕರಿಗೆ ಬೇರೆ. ಕೈಪಿಡಿ ನೋಡಿ, ಲಿಖಿತ ಅನುಮತಿ ಪಡೆದು, ಪ್ರಕ್ರಿಯೆ ಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕು.

ಅದೇ ಸ್ಥಾವರಕ್ಕೆ ಮತ್ತೆ ಹೋದಾಗ ಕೀಲಿ ‘ರನ್’ನಲ್ಲಿತ್ತು, ಆದರೆ ರಂಧ್ರದಲ್ಲೇ ನೇತಾಡುತ್ತಿತ್ತು. ತೆಗೆದು ಶಿಫ್ಟ್ ಉಸ್ತುವಾರಿಯವರ ಪೆಟ್ಟಿಗೆಯಲ್ಲಿಡಿ, ಯಾರಿಗೆ ಕೊಟ್ಟಿರಿ, ಯಾವಾಗ ಮರಳಿತು ಎಂದು ಪುಸ್ತಕದಲ್ಲಿ ಬರೆಯಿರಿ ಎಂದೆ.