ಪಲ್ಪರ್ ಪದೇ ಪದೇ ನಿಂತಾಗ ಎಂಸಿಬಿ ಹೇಳಿದ್ದು

ಜನವರಿ ಬಂತೆಂದರೆ ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್‌ಗೆ ಬಿಡುವಿಲ್ಲ. ಹೋದ ವರ್ಷ ಅದರ 5 ಎಚ್‌ಪಿ ಮೋಟರ್ ಓಡಲು ಶುರುವಾಗಿ ಕಾಲು ಗಂಟೆಗೆಲ್ಲ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟಪ್ ಅಂತ ಬೀಳುತ್ತಿತ್ತು. ಮೇಲೆತ್ತಿದರೆ ಮತ್ತೆ ಕಾಲು ಗಂಟೆ, ಮತ್ತೆ ಟಪ್. ಇತ್ತ ಕೊಯ್ದ ಹಣ್ಣು ರಾಶಿ ಬಿದ್ದಿದೆ. ವೋಲ್ಟೇಜ್ ಸರಿಯಿಲ್ಲ ಅಂತ ನಾನು ಲೈನ್‌ಮ್ಯಾನ್ ಮೇಲೆ ರೇಗಲು ಹೊರಟಿದ್ದೆ.

"ತಡೀರಿ ಅಣ್ಣ, ಆನ್ ಮಾಡಿದ ಕೂಡಲೇ ಬೀಳುತ್ತಾ, ಸ್ವಲ್ಪ ಹೊತ್ತು ಬಿಟ್ಟಾ?" ಅಂದ ನಮ್ಮ ವೈರಿಂಗ್ ಹುಡುಗ.

ಪ್ರಶ್ನೆ ಸಣ್ಣದು, ಆದರೆ ಅರ್ಧ ಉತ್ತರ ಅದರಲ್ಲೇ ಇದೆ. ಎಂಸಿಬಿ ಒಳಗೆ ಇಬ್ಬರು ಕಾವಲುಗಾರರು. ಒಬ್ಬ ತಾಮ್ರದ ಸುರುಳಿ, ಶಾರ್ಟ್ ಆದರೆ ಕಣ್ಣು ಮಿಟುಕಿಸುವುದರೊಳಗೆ ಬೀಳಿಸುತ್ತಾನೆ. ಇನ್ನೊಬ್ಬ ಎರಡು ಲೋಹ ಅಂಟಿಸಿದ ಪಟ್ಟಿ, ಬಿಸಿಯಾದಂತೆ ನಿಧಾನಕ್ಕೆ ಬಾಗಿ ಕೊಕ್ಕೆ ತಪ್ಪಿಸುತ್ತಾನೆ. ನಮ್ಮದು ಎರಡನೆಯವನ ಕೆಲಸ. ಆದರೆ ಮೋಟರ್ ಎಳೆಯುತ್ತಿದ್ದದ್ದು ಬರೀ 7 ಆಂಪ್ಸ್, ಎಂಸಿಬಿ 10 ಆಂಪ್ಸಿನದು!

ಆ 10 ಅನ್ನೋದು ಗೆರೆ ಎಳೆದ ಹಾಗಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡುವಾಗ ಇಂಥದ್ದರಲ್ಲಿ 11.3 ಆಂಪ್ಸ್ ಹರಿಸಿದರೆ ಒಂದು ಗಂಟೆಯೊಳಗೆ ಬೀಳಬಾರದು, 14.5ಕ್ಕೆ ಏರಿಸಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅದೂ ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗ. ನಮ್ಮೂರ ಜನವರಿ ಚಳಿಯಲ್ಲಿ ಪಟ್ಟಿ ಬಿಸಿಯಾಗಲು ಇನ್ನೂ ಜಾಸ್ತಿ ಹೊತ್ತು ಬೇಕು, ಅಂದರೆ ಇಲ್ಲಿ ತಡವಾಗಿ ಬೀಳಬೇಕು. ಹಾಗಾದರೆ 7ಕ್ಕೇ ಬೀಳುವಷ್ಟು ಬಿಸಿ ಎಲ್ಲಿಂದ ಬಂತು?

ಹುಡುಗ ಮಲ್ಟಿಮೀಟರ್ ತೆಗೆದ. ಮೋಟರ್ ಓಡುತ್ತಿರುವಾಗಲೇ ಎಂಸಿಬಿಯ ಒಂದೊಂದು ಪೋಲ್‌ಗೂ (ಮೂರು ಫೇಸ್‌ಗೆ ಮೂರು ಪೋಲ್) ಮೇಲಿನ ಸ್ಕ್ರೂಗೆ ಒಂದು ಕಡ್ಡಿ, ಕೆಳಗಿನ ಸ್ಕ್ರೂಗೆ ಒಂದು ಕಡ್ಡಿ, ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ನೋಡಲು. (ನೀವು ಮಾಡಲು ಹೋಗಬೇಡಿ, ಅಲ್ಲಿ 415 ವೋಲ್ಟ್ ಇರುತ್ತೆ. ಅವನೂ ಕೈಗವಸು ಹಾಕಿಕೊಂಡು, ಮೀಟರನ್ನು ಮೊದಲು ದೊಡ್ಡ ರೇಂಜಿಗೆ ಇಟ್ಟೇ ಶುರು ಮಾಡಿದ್ದು.) ಮೊದಲ ಪೋಲ್ 100 ಮಿಲಿವೋಲ್ಟ್. ಎರಡನೆಯದು 105. ಮೂರನೆಯದು 720.

ಸಿಕ್ಕಿಬಿತ್ತು ಅಲ್ವಾ? 0.72 ವೋಲ್ಟನ್ನು 7 ಆಂಪ್ಸಿನಿಂದ ಗುಣಿಸಿದರೆ 5 ವ್ಯಾಟ್. ಪಕ್ಕದ ಪೋಲ್‌ನಲ್ಲಿ ಅದು ಒಂದು ವ್ಯಾಟ್ ಕೂಡ ಇಲ್ಲ. 5 ವ್ಯಾಟ್ ಏನು ಮಹಾ ಅನ್ನಬೇಡಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಪಟ್ಟಿಯ ಪಕ್ಕದಲ್ಲೇ ಒಲೆ ಹೊತ್ತಿಸಿದ ಹಾಗೆ ಅದು. ಪಟ್ಟಿ ಪಾಪ, ಕರೆಂಟ್ ಜಾಸ್ತಿ ಆಯ್ತು ಅಂದುಕೊಂಡು ಬಾಗುತ್ತಿತ್ತು. ಮೇನ್ ಆಫ್ ಮಾಡಿ ಸ್ಕ್ರೂ ಬಿಗಿ ಮಾಡಿ ನೋಡಿದೆವು, 720 ಕದಲಲಿಲ್ಲ. ಅಂದರೆ ತೊಂದರೆ ಎಂಸಿಬಿಯ ಒಳಗೇ.

ಹೊಸದು ಹಾಕಿದ ಮೇಲೆ ಹಳೆಯದರ ರಿವೆಟ್ ಕೊರೆದು ಬಿಚ್ಚಿದೆವು. ಬೆಳ್ಳಿ ಬೆರೆಸಿದ ಕಾಂಟ್ಯಾಕ್ಟ್ ಮೇಲೆ ಕಪ್ಪು ಗುಳಿಗಳು, ನಡುವೆ ಸುಟ್ಟ ಇರುವೆಗಳ ಪುಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಂದಿದ್ದವೇನೋ.

ಸುಮ್ನೆ ಲಿವರ್ ಮೇಲೆ ಕೆಳಗೆ ಆಡಿಸಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಕರೆಂಟ್ ಸೋರಿದರೆ ಬೀಳುವ ಆರ್‌ಸಿಸಿಬಿಗಾದರೆ ಪರೀಕ್ಷೆಗೆಂದೇ ಟಿ ಬಟನ್ ಇದೆ, ಒತ್ತಿದರೆ ಸೋರಿಕೆ ಕರೆಂಟಿಗೆ ಬೀಳುತ್ತಾ ಅಂತ ತಿಳಿಯುತ್ತೆ. ಎಂಸಿಬಿಗೆ ಅಂಥದ್ದಿಲ್ಲ. ಅದರ ಮೇಲೆ ಚೌಕದೊಳಗೆ ಬರೆದಿರುವ 10000 ಆಂಪ್ಸ್ ತಡೆಯುವ ಶಕ್ತಿಯನ್ನಂತೂ ಬೆಂಗಳೂರಿನ ಸಿಪಿಆರ್‌ಐನಂಥ (ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ) ಲ್ಯಾಬಿನಲ್ಲೇ ಪರೀಕ್ಷಿಸಬೇಕು.

ಹೊಸದರ ಅಳತೆ 98, 101, 99. ಹುಡುಗ ಎಂಸಿಬಿ ಇರುವ ಡಿಬಿ ಬಾಕ್ಸಿನ ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ತಾರೀಕು ಸಮೇತ ಬರೆದಿಟ್ಟಿದ್ದಾನೆ, ಮುಂದಿನ ಕೊಯ್ಲಿಗೆ ಹೋಲಿಸಿ ನೋಡೋಕೆ.