ಗಾಸಿಪ್ ಕಾಲಂ ಎಂದರೇನು?

ಗಾಸಿಪ್ ಕಾಲಂ ಅಂದರೆ ಹೆಸರಾಂತರ ಖಾಸಗಿ ಬದುಕಿನ ಗುಸುಗುಸು ಸುದ್ದಿಗೆಂದೇ ಪತ್ರಿಕೆ ಬಿಟ್ಟುಕೊಡುವ ಜಾಗ. ಯಾರು ಯಾರ ಜೊತೆ ಓಡಾಡುತ್ತಿದ್ದಾರೆ, ಯಾರ ಮದುವೆ ಮುರಿಯುವ ಹಂತದಲ್ಲಿದೆ, ಇವೇ ಅದರ ಸರಕು. ನಮ್ಮ ಸಿನಿಮಾ ಪುಟಗಳನ್ನು ಓದುವವರಿಗೆ ಇದು ಹೊಸದೇನಲ್ಲ. ಆದರೆ ಇದಕ್ಕೆ ಎಷ್ಟು ಬಲ ಬರಬಹುದು ಅಂತ ತಿಳಿಯಲು ನ್ಯೂಯಾರ್ಕಿನ ಅಂಕಣಕಾರ ವಾಲ್ಟರ್ ವಿಂಚೆಲ್‌ನ ಕಥೆ ನೋಡಬೇಕು.

1897ರಲ್ಲಿ ಹುಟ್ಟಿದ ವಿಂಚೆಲ್ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ರಂಗದ ಮೇಲೆ ಹಾಡಿ ಕುಣಿದವನು. ಜೊತೆಯ ಕಲಾವಿದರ ಸುದ್ದಿ ಬರೆದು ರಂಗದ ಹಿಂದಿನ ಬೋರ್ಡಿಗೆ ಅಂಟಿಸುತ್ತಿದ್ದ. ಅದೇ ಕಸುಬಾಯಿತು. 1929ರಲ್ಲಿ ನ್ಯೂಯಾರ್ಕಿನ 'ಡೈಲಿ ಮಿರರ್' ಪತ್ರಿಕೆ ಸೇರಿದ. ಮುಂದೆ ಅವನ ಅಂಕಣ ದೇಶದ ತುಂಬ ನೂರಾರು ಪತ್ರಿಕೆಗಳಲ್ಲಿ ಬರತೊಡಗಿತು. ರೇಡಿಯೋದಲ್ಲೂ ಅವನದೇ ದನಿ.

ಇಷ್ಟೊಂದು ಸುದ್ದಿ ಅವನಿಗೆ ಸಿಗುತ್ತಿದ್ದುದು ಹೇಗೆ? ಅವನೇನೂ ಎಲ್ಲವನ್ನೂ ಕದ್ದು ಕೇಳುತ್ತಿರಲಿಲ್ಲ. ಹೆಸರಾಂತರು ಸೇರುತ್ತಿದ್ದ ನ್ಯೂಯಾರ್ಕಿನ ನೈಟ್ ಕ್ಲಬ್ ಸ್ಟಾರ್ಕ್ ಕ್ಲಬ್ಬಿನ 50ನೇ ಟೇಬಲ್ಲಿನಲ್ಲಿ ಕೂತರೆ ಸಾಕು, ಸುದ್ದಿ ತಾನಾಗಿಯೇ ಬರುತ್ತಿತ್ತು. ತಂದು ಕೊಡುತ್ತಿದ್ದವರಲ್ಲಿ ಜಾಸ್ತಿ ಮಂದಿ ನಟನಟಿಯರ, ಹೋಟೆಲುಗಳ ಪ್ರಚಾರ ನೋಡಿಕೊಳ್ಳುತ್ತಿದ್ದ ಪ್ರೆಸ್ ಏಜೆಂಟರು. ಬೇರೆಯವರ ಗುಟ್ಟು, ಒಳ್ಳೆಯ ಜೋಕು ತಂದು ಕೊಟ್ಟರೆ ತಮ್ಮ ಕಡೆಯವರ ಬಗ್ಗೆ ಒಂದು ಸಾಲು ಅಚ್ಚಾಗುತ್ತಿತ್ತು. ಸುಳ್ಳು ಸುದ್ದಿ ಕೊಟ್ಟವರನ್ನು ಅವನು ಹತ್ತಿರ ಸೇರಿಸುತ್ತಿರಲಿಲ್ಲ. ಅಂದರೆ ಈ ಅಂಕಣ ನಡೆಯುತ್ತಿದ್ದುದೇ ಕೊಡು-ಕೊಳ್ಳುವ ವ್ಯವಹಾರದ ಮೇಲೆ. ಓದುಗರಿಗೆ ಮಾತ್ರ ಈ ಲೆಕ್ಕ ಕಾಣುತ್ತಿರಲಿಲ್ಲ. ನನಗೆ ಇದೇ ದೊಡ್ಡ ತಪ್ಪು ಅನ್ನಿಸುತ್ತದೆ.

ಬರೆಯುವ ರೀತಿಯಲ್ಲೂ ಜಾಣತನವಿತ್ತು. ಚುಟುಕು ಸಾಲು, ನಡುವೆ ಮೂರು ಚುಕ್ಕಿ. ಕೋರ್ಟಿಗೆ ಎಳೆಯಬಹುದಾದ ಕಡೆ ನೇರ ಮಾತು ಬಿಟ್ಟು ಬರೀ ಸುಳಿವು, ಇಲ್ಲವೇ ಅವನೇ ಕಟ್ಟಿದ ಹೊಸ ಪದ. 'ಆ ಖ್ಯಾತ ನಟಿ' ಅಂತ ಹೆಸರಿಲ್ಲದೆ ಬರೆಯುವುದು ಈಗಲೂ ಇದೆ, ಅಲ್ವಾ?

ಹಿಟ್ಲರನನ್ನು ಬಹಳ ಮೊದಲೇ ಬಯಲಿಗೆಳೆದವರಲ್ಲಿ ವಿಂಚೆಲ್ ಒಬ್ಬ. ಅದನ್ನು ಮರೆಯಬಾರದು. ಆದರೆ ಅದೇ ಲೇಖನಿ 1951ರಲ್ಲಿ ಕಪ್ಪು ಕಲಾವಿದೆ ಜೋಸೆಫಿನ್ ಬೇಕರ್ ಮೇಲೆ ತಿರುಗಿತು. ಸ್ಟಾರ್ಕ್ ಕ್ಲಬ್ಬಿನಲ್ಲಿ ತನಗೆ ಊಟ ಬಡಿಸದೆ ಅವಮಾನ ಮಾಡಿದರು, ಅಲ್ಲಿದ್ದ ವಿಂಚೆಲ್ ಸುಮ್ಮನಿದ್ದ ಎಂದು ಆಕೆ ದೂರಿದರು. ಅವನು ಆಕೆಗೆ ಕಮ್ಯುನಿಸ್ಟರ ಪರ ಒಲವಿದೆ ಎಂದು ಬರೆದ. ಆ ಕಾಲದ ಅಮೆರಿಕದಲ್ಲಿ ಆ ಹಣೆಪಟ್ಟಿ ಅಂದರೆ ಕೆಲಸಕ್ಕೇ ಕುತ್ತು.

ನಂತರ, ಕಮ್ಯುನಿಸ್ಟರೆಂದು ಕಂಡಕಂಡವರ ಮೇಲೆ ಆರೋಪ ಹೊರಿಸುತ್ತಿದ್ದ ಸೆನೆಟರ್ ಮೆಕಾರ್ಥಿಯ ಬೆನ್ನಿಗೆ ನಿಂತು ವಿಂಚೆಲ್ ಹೆಸರು ಕೆಡಿಸಿಕೊಂಡ. 1963ರಲ್ಲಿ 'ಡೈಲಿ ಮಿರರ್' ಮುಚ್ಚಿತು. ಬರೆಯಲು ಆ ಜಾಗವಿಲ್ಲದ ಮೇಲೆ ಅವನ ಮಾತಿಗೆ ಹಳೆಯ ಬೆಲೆ ಮತ್ತೆ ಬರಲೇ ಇಲ್ಲ. 1972ರಲ್ಲಿ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡ.